ಇ20 ಪೆಟ್ರೋಲು ನಿಜಕ್ಕೂ ಎಷ್ಟು ಹಸಿರು? ಇಂಗಾಲದ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಫೆಬ್ರವರಿ 6ರಂದು ನಮ್ಮ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಇ20 ಪೆಟ್ರೋಲನ್ನು, ಅಂದರೆ ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ಮಾಡುವ ಎಥೆನಾಲನ್ನು ಶೇ 20ರಷ್ಟು ಬೆರೆಸಿದ ಪೆಟ್ರೋಲನ್ನು, ಬಿಡುಗಡೆ ಮಾಡಿದರು. ಅವತ್ತು ದೇಶದ 84 ಬಂಕ್‌ಗಳಲ್ಲಿ ಮಾತ್ರ ಅದು ಸಿಗುತ್ತಿತ್ತು. ಈಗ ಬೆಂಗಳೂರಿನ ಯಾವ ಬಂಕಿಗೆ ಗಾಡಿ ತಿರುಗಿಸಿದರೂ ಹೆಚ್ಚುಕಮ್ಮಿ ಅದೇ ಬೀಳುತ್ತದೆ. ನಾನು ಇಂಧನಗಳ ಇಂಗಾಲದ ಲೆಕ್ಕ ಹಾಕುವ ಕೆಲಸ ಮಾಡುತ್ತೇನೆ. ಮನೆ ವಿಜಯನಗರ, ಊರು ಮದ್ದೂರಿನ ಕಡೆ, ಅಲ್ಲಿ ಈಗಲೂ ನಮ್ಮದು ಕಬ್ಬಿನ ಗದ್ದೆ ಇದೆ. ಹಾಗಾಗಿ ಊರಿಗೆ ಹೋದರೂ ಈ ಪ್ರಶ್ನೆಗಳು, ಇಲ್ಲಿ ಪಾರ್ಕಿಂಗ್‌ನಲ್ಲಿ ನಿಂತರೂ ಈ ಪ್ರಶ್ನೆಗಳು. ಹೆಚ್ಚು ಸಲ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಗಿಡ ಗಾಳಿಯಿಂದ ಹೀರಿದ ಇಂಗಾಲವೇ ಹೊಗೆಯಾಗಿ ವಾಪಸ್ ಹೋಗುತ್ತದೆ. ಹಾಗಾದರೆ ಎಥೆನಾಲ್ ಲೆಕ್ಕ ಸೊನ್ನೆ ಅಲ್ವಾ?

ಸೈಲೆನ್ಸರ್‌ನಿಂದ ಬರುವ ಹೊಗೆಯ ಮಟ್ಟಿಗೆ ಹೌದು. ಎಥೆನಾಲ್ ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ಅನ್ನು ಬಹುತೇಕ ಎಲ್ಲ ದೇಶಗಳ ನಿಯಮಗಳೂ ಸೊನ್ನೆ ಅಂತಲೇ ಹಿಡಿಯುತ್ತವೆ. ಆದರೆ ಕಬ್ಬು ತಾನಾಗಿ ಬಂದು ಟ್ಯಾಂಕಿಗೆ ಬೀಳುವುದಿಲ್ಲ. ಗದ್ದೆಗೆ ಗೊಬ್ಬರ ಹೋಗಿದೆ, ಮೋಟಾರಿನಲ್ಲಿ ನೀರು ಎತ್ತಿದ್ದಾರೆ, ಟ್ರ್ಯಾಕ್ಟರ್ ಓಡಿದೆ, ಕಾರ್ಖಾನೆಯ ಬಾಯ್ಲರ್ ಉರಿದಿದೆ, ಆಮೇಲೆ ಟ್ಯಾಂಕರ್ ಲಾರಿ ಡಿಪೋದವರೆಗೆ ಬಂದಿದೆ. ಅಷ್ಟರಲ್ಲೂ ಹೊಗೆ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ, ಇದೆ. ಅದೆಲ್ಲವನ್ನೂ ಕೂಡಿಸುವುದಕ್ಕೆ ಜೀವನಚಕ್ರದ ಲೆಕ್ಕ ಅನ್ನುತ್ತಾರೆ.

ಈ ಲೆಕ್ಕವನ್ನು ಯಾವ ಅಳತೆಯಲ್ಲಿ ಹೇಳುತ್ತಾರೆ?

ಒಂದು ಮೆಗಾಜೂಲ್ ಶಕ್ತಿಗೆ ಇಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ. ಲೀಟರ್ ಲೆಕ್ಕದಲ್ಲಿ ಹೇಳಿದರೆ ಮೋಸ ಹೋಗುತ್ತೇವೆ, ಯಾಕೆಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥೆನಾಲಿನಲ್ಲಿ ಇರುವುದು ಸುಮಾರು 21 ಮಾತ್ರ. ಮೀಥೇನ್, ನೈಟ್ರಸ್ ಆಕ್ಸೈಡ್‌ನಂಥ ಬೇರೆ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡ್‌ಗೆ ಪರಿವರ್ತಿಸಿ ಇದರಲ್ಲೇ ಸೇರಿಸುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಪೆಟ್ರೋಲ್, ಡೀಸೆಲ್‌ಗೆ ಹಿಡಿದಿರುವ ಸಂಖ್ಯೆ ಮೆಗಾಜೂಲಿಗೆ 94 ಗ್ರಾಂ. ಹಸಿರು ಇಂಧನ ಅಂತ ಅನ್ನಿಸಿಕೊಳ್ಳಬೇಕಾದರೆ ಅದಕ್ಕಿಂತ ಎಷ್ಟು ಕೆಳಗಿದ್ದೀರಿ ಅನ್ನುವುದೇ ಪ್ರಶ್ನೆ.

ಇದರಲ್ಲಿ ಅತಿ ದೊಡ್ಡ ಪಾಲು ಕಾರ್ಖಾನೆಯದ್ದೇ ಇರಬೇಕಲ್ಲ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ, ಚಿಮಣಿ ಕಣ್ಣಿಗೆ ಕಾಣುತ್ತದೆ ನೋಡಿ. ಆದರೆ ಕಬ್ಬಿನ ಕಾರ್ಖಾನೆ ತನ್ನದೇ ಸಿಪ್ಪೆಯನ್ನು ಉರಿಸಿ ಆವಿ, ಕರೆಂಟು ಎರಡನ್ನೂ ಮಾಡಿಕೊಳ್ಳುತ್ತದೆ, ಕಲ್ಲಿದ್ದಲು ಅಷ್ಟಾಗಿ ಬೇಕಾಗುವುದಿಲ್ಲ. ಹೊಲದ ಕಡೆ ನೋಡಿ. ಒಂದು ಮೂಟೆ ಯೂರಿಯಾ ಅಂದರೆ 45 ಕೆಜಿ, ಅದರಲ್ಲಿ ಸಾರಜನಕ 20 ಕೆಜಿಗಿಂತ ಸ್ವಲ್ಪ ಜಾಸ್ತಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಸಾಮಾನ್ಯ ಸೂತ್ರದ ಪ್ರಕಾರ ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಶೇ 1ರಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕೇಳಲು ಪುಟ್ಟ ಸಂಖ್ಯೆ. ಆದರೆ ಆ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಲವಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಸಾರಜನಕಕ್ಕೆ ಆಮ್ಲಜನಕ ಸೇರಿ ಅನಿಲದ ತೂಕ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುವುದನ್ನೂ ಹಿಡಿದು ಗುಣಿಸಿದರೆ ಒಂದು ಮೂಟೆಗೆ ಸುಮಾರು 89 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು 2.3 ಕೆಜಿ, ಅಂದರೆ ಸುಮಾರು 39 ಲೀಟರ್ ಪೆಟ್ರೋಲ್ ಸುಟ್ಟಷ್ಟು! ಯೂರಿಯಾ ತಯಾರಿಸುವಾಗ ಖರ್ಚಾದ ನೈಸರ್ಗಿಕ ಅನಿಲದ ಲೆಕ್ಕ ಇದರಲ್ಲಿ ಇನ್ನೂ ಸೇರಿಲ್ಲ.

ಊರಿನಲ್ಲಿ ಇದನ್ನು ನಮ್ಮ ಚಿಕ್ಕಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಂಗಾದ್ರೆ ಗೊಬ್ಬರ ಹೆಂಗ್ ಹಾಕ್ತೀವಿ ಅನ್ನೋದ್ರಾಗೇ ಎಲ್ಲಾ ಐತೆ ಅನ್ನು" ಅಂದರು. ಅವರು ಸರಿಯಾಗಿಯೇ ಹೇಳಿದರು.

ಇ20 ಹಾಕಿಸಿದರೆ ಹೊಗೆ ಶೇ 20 ಕಡಿಮೆ ಆಗುತ್ತದಾ?

ಇಲ್ಲ. 20 ಅನ್ನುವುದು ಲೀಟರ್ ಲೆಕ್ಕ. ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಇ20 ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಸುಮಾರು ಶೇ 14. ಆ ಎಥೆನಾಲ್ ಪೆಟ್ರೋಲಿಗಿಂತ ಶೇ 65 ಒಳ್ಳೆಯದು ಅಂತ ಹಿಡಿದರೂ ಇಡೀ ಟ್ಯಾಂಕಿನ ಮೇಲೆ ಉಳಿತಾಯ ಶೇ 9ರ ಹತ್ತಿರ. ಶೇ 50 ಅಂತ ಹಿಡಿದರೆ ಶೇ 7. ಇದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ, ಇಷ್ಟು ದೊಡ್ಡ ದೇಶದಲ್ಲಿ ಶೇ 7 ಅಂದರೂ ಬಹಳವೇ. ಆದರೆ 20 ಅಲ್ಲ.

ಮೈಲೇಜ್ ಕಡಿಮೆ ಆಗುವುದಕ್ಕೂ ಇದೇ ಕಾರಣ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4 ಕಡಿಮೆಯಾಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು.

ಆ ಶೇ 65, ಶೇ 50 ಎಲ್ಲಿಂದ ಬಂತು? ನಂಬಬಹುದಾ?

ಕಬ್ಬಿನ ಎಥೆನಾಲ್ ಪೆಟ್ರೋಲಿಗಿಂತ ಶೇ 65, ಮೆಕ್ಕೆಜೋಳದ ಎಥೆನಾಲ್ ಶೇ 50 ಕಡಿಮೆ ಹಸಿರುಮನೆ ಅನಿಲ ಬಿಡುತ್ತದೆ ಅಂತ ನೀತಿ ಆಯೋಗದ ಅಧ್ಯಯನವನ್ನು ಉಲ್ಲೇಖಿಸಿ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಇ20 ವಿರುದ್ಧ ಜನ ಸಿಟ್ಟಾಗಿದ್ದ ಸಮಯ ಅದು. ಈ ಸಂಖ್ಯೆಗಳು ಅಸಾಧ್ಯವೇನಲ್ಲ. ಅಮೆರಿಕದ ಪರಿಸರ ಸಂಸ್ಥೆ 2010ರಲ್ಲಿ ಬ್ರೆಜಿಲ್‌ನ ಕಬ್ಬಿನ ಎಥೆನಾಲಿಗೆ ಶೇ 61 ಉಳಿತಾಯ ಅಂತ ಲೆಕ್ಕ ಹಾಕಿತ್ತು. ಅದೇ ಸಂಸ್ಥೆ ಅಮೆರಿಕದ ಮೆಕ್ಕೆಜೋಳದ ಎಥೆನಾಲಿಗೆ ಕೊಟ್ಟದ್ದು ಮಾತ್ರ ಶೇ 21, ಅದೂ ಹೊಸ ತಂತ್ರಜ್ಞಾನದ ಕಾರ್ಖಾನೆಗಳಿಗೆ.

ಒಂದೇ ಮೆಕ್ಕೆಜೋಳಕ್ಕೆ ಒಂದು ಕಡೆ 50, ಇನ್ನೊಂದು ಕಡೆ 21. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದ್ದಾರೆ ಅಂತ ಅರ್ಥ ಅಲ್ಲ. ಲೆಕ್ಕ ಎಲ್ಲಿಂದ ಶುರು ಮಾಡಿದರು, ಎಲ್ಲಿ ನಿಲ್ಲಿಸಿದರು, ಏನನ್ನು ಹೊರಗಿಟ್ಟರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಯಾರಾದರೂ ಶೇಕಡಾವಾರು ಸಂಖ್ಯೆ ಹೇಳಿದ ತಕ್ಷಣ ನಾನು ಕೇಳುವ ಮೊದಲ ಪ್ರಶ್ನೆ: ಜಮೀನಿನ ಲೆಕ್ಕ ಸೇರಿಸಿದ್ದೀರಾ?

ಜಮೀನಿನ ಲೆಕ್ಕ ಅಂದರೆ?

ಇಡೀ ವಿಷಯದಲ್ಲಿ ಅತಿ ಹೆಚ್ಚು ಜಗಳ ನಡೆದಿರುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಹಾವೇರಿ ಕಡೆಯ ರೈತರೊಬ್ಬರು ಮೆಕ್ಕೆಜೋಳ ಬೆಳೆದು ಕೋಳಿ ಆಹಾರದ ಮಿಲ್ಲಿಗೆ ಕೊಡುತ್ತಿದ್ದರು ಅಂತ ಇಟ್ಟುಕೊಳ್ಳಿ. ಈಗ ಅದೇ ಜೋಳ ಎಥೆನಾಲ್ ಘಟಕಕ್ಕೆ ಹೋಗುತ್ತದೆ. ಅವರ ಹೊಲದಲ್ಲಿ ಏನೂ ಬದಲಾಗಿಲ್ಲ, ಒಂದು ಮರವೂ ಬಿದ್ದಿಲ್ಲ. ಆದರೆ ಕೋಳಿಗೆ ಆಹಾರ ಬೇಕೇ ಬೇಕು ಅಲ್ವಾ? ಬೆಲೆ ಏರುತ್ತದೆ. ಬೆಲೆ ಏರಿದ್ದನ್ನು ನೋಡಿ ಇನ್ನೊಬ್ಬರು ಎಲ್ಲೋ ಹುಲ್ಲುಗಾವಲನ್ನು ಉಳುತ್ತಾರೆ, ಬೇರೆ ದೇಶದಲ್ಲಿ ಯಾರೋ ಕಾಡು ಕಡಿಯುತ್ತಾರೆ. ಆ ಮಣ್ಣಿನಲ್ಲಿ, ಮರದಲ್ಲಿ ಇದ್ದ ಇಂಗಾಲ ಗಾಳಿಗೆ ಹೋಗುತ್ತದೆ. ಆ ಹೊಗೆ ಯಾರ ಲೆಕ್ಕಕ್ಕೆ? ಇದಕ್ಕೆ ಪರೋಕ್ಷ ಭೂಬಳಕೆ ಬದಲಾವಣೆ ಅನ್ನುತ್ತಾರೆ.

2008ರಲ್ಲಿ ಅಮೆರಿಕದ ಟಿಮೊಥಿ ಸರ್ಚಿಂಜರ್ ಮತ್ತು ಜೊತೆಗಾರರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನ ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಇಟ್ಟಿತು. ಜಮೀನಿನ ಲೆಕ್ಕ ಸೇರಿಸಿದರೆ ಮೆಕ್ಕೆಜೋಳದ ಎಥೆನಾಲ್ 30 ವರ್ಷಗಳಲ್ಲಿ ಪೆಟ್ರೋಲಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹೊಗೆ ಬಿಡುತ್ತದೆ ಅಂತ ಅವರ ಲೆಕ್ಕ. ಆಮೇಲೆ ಬಂದ ಲೆಕ್ಕಗಳು ಅಷ್ಟು ದೊಡ್ಡ ಸಂಖ್ಯೆ ಕೊಡಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2009ರಲ್ಲಿ ಮೆಕ್ಕೆಜೋಳದ ಎಥೆನಾಲಿನ ಜಮೀನಿನ ಪಾಲಿಗೆ ಮೆಗಾಜೂಲಿಗೆ 30 ಗ್ರಾಂ ಅಂತ ನಿಗದಿ ಮಾಡಿ, 2015ರಲ್ಲಿ 19.8ಕ್ಕೆ ಇಳಿಸಿತು. ಹೊಲ ಅದೇ, ಜೋಳ ಅದೇ, ಆರ್ಥಿಕ ಮಾದರಿಯನ್ನು ತಿದ್ದಿದ್ದಕ್ಕೆ ಮೂರನೇ ಒಂದು ಭಾಗ ಹೋಯಿತು. ಇದನ್ನು ಕಣ್ಣಾರೆ ಅಳೆಯಲು ಆಗುವುದಿಲ್ಲ, ಜಗತ್ತಿನ ಮಾರುಕಟ್ಟೆ ಹೇಗೆ ನಡೆಯುತ್ತದೆ ಅಂತ ಕಂಪ್ಯೂಟರಿನಲ್ಲಿ ಊಹಿಸಬೇಕು. ಅದೇ ಕಷ್ಟ.

ಆ 19.8 ಅಮೆರಿಕದ ಸಂಖ್ಯೆ, ಹಾವೇರಿಗೆ ಅಂಟಿಸುವುದು ತಪ್ಪು. ಆದರೂ ಗಾತ್ರ ತಿಳಿಯಲಿ ಅಂತ ಒಂದು ಲೆಕ್ಕ: 94 ಗ್ರಾಂನಲ್ಲಿ ಶೇ 50 ಉಳಿತಾಯ ಅಂದರೆ 47 ಗ್ರಾಂ. ಅದಕ್ಕೆ ಸುಮಾರು 20 ಸೇರಿಸಿದರೆ 67. ಉಳಿತಾಯ ಶೇ 50ರಿಂದ ಶೇ 29ಕ್ಕೆ ಇಳಿಯಿತು. ಈ ಒಂದು ಸಾಲನ್ನು ಸೇರಿಸುವುದೋ ಬಿಡುವುದೋ ಅನ್ನುವುದರ ಮೇಲೆ ಇಷ್ಟು ನಿಂತಿದೆ.

ಊಹೆ ಅಂದಮೇಲೆ ಅದನ್ನು ಬಿಟ್ಟೇಬಿಡಬಹುದಲ್ಲ?

ಬಿಟ್ಟರೆ ಸೊನ್ನೆ ಅಂತ ಬರೆದ ಹಾಗೆ ಆಗುತ್ತದೆ, ಅದೂ ಒಂದು ಊಹೆಯೇ, ಮತ್ತು ನನ್ನ ಪ್ರಕಾರ ಇರುವುದರಲ್ಲಿ ಅತಿ ಕೆಟ್ಟ ಊಹೆ. ಬೇರೆ ಬೇರೆ ಸರ್ಕಾರಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕ 2007ರ ಇಂಧನ ಕಾನೂನಿನಲ್ಲೇ ಜಮೀನಿನ ಪರೋಕ್ಷ ಹೊಗೆಯನ್ನು ಲೆಕ್ಕಕ್ಕೆ ಸೇರಿಸಬೇಕು ಅಂತ ಬರೆಯಿತು. ಯುರೋಪು ಇಂಧನದ ಅಂಕಕ್ಕೆ (ಮೆಗಾಜೂಲಿಗೆ ಇಷ್ಟು ಗ್ರಾಂ ಅನ್ನುವ ಸಂಖ್ಯೆಗೆ) ಅದನ್ನು ಸೇರಿಸಲಿಲ್ಲ, ಬದಲಿಗೆ 2015ರಲ್ಲಿ ಆಹಾರದ ಬೆಳೆಯಿಂದ ಮಾಡುವ ಇಂಧನಕ್ಕೆ ಶೇ 7ರ ಮಿತಿ ಹಾಕಿತು, ಆಮೇಲೆ ತಾಳೆ ಎಣ್ಣೆಯಂಥ ಅಪಾಯ ಜಾಸ್ತಿ ಇರುವುದನ್ನು 2030ರೊಳಗೆ ಬಿಡಿಸುವ ನಿಯಮ ತಂದಿತು. ಇನ್ನು ಅಮೆರಿಕದಲ್ಲೇ 2025ರಲ್ಲಿ ಬಂದ ತೆರಿಗೆ ಕಾನೂನು, ಶುದ್ಧ ಇಂಧನಕ್ಕೆ ಕೊಡುವ ತೆರಿಗೆ ರಿಯಾಯಿತಿಯ ಲೆಕ್ಕದಿಂದ ಪರೋಕ್ಷ ಭೂಬಳಕೆಯನ್ನು ತೆಗೆದುಹಾಕಿತು. ವಿಜ್ಞಾನ ಬದಲಾಗಿದ್ದಕ್ಕೆ ಹೀಗೆ ಮಾಡಲಿಲ್ಲ. ಮತ ಹಾಕಿ ತೀರ್ಮಾನಿಸಿದರು. ಒಂದೇ ದೇಶ, ಒಂದೇ ಎಥೆನಾಲ್, ಎರಡು ಕಾನೂನಿನಲ್ಲಿ ಎರಡು ಲೆಕ್ಕ.

20 ವರ್ಷ, 30 ವರ್ಷ ಅಂತ ಏನೋ ಹೇಳುತ್ತಾರಲ್ಲ, ಅದೇನು?

ಕಾಡು ಕಡಿದಾಗ ಹೊಗೆ ಒಂದೇ ಸಲ ಹೋಗುತ್ತದೆ, ಬೆಳೆ ಮಾತ್ರ ವರ್ಷ ವರ್ಷ ಬರುತ್ತದೆ. ಹಾಗಾಗಿ ಆ ಒಂದು ಸಲದ ಹೊಗೆಯನ್ನು ಸಾಲದ ಕಂತಿನ ಹಾಗೆ ವರ್ಷಗಳ ಮೇಲೆ ಹಂಚುತ್ತಾರೆ. ಉದಾಹರಣೆಗೆ ಹೆಕ್ಟೇರಿಗೆ 300 ಟನ್ ಅಂತ ಇಟ್ಟುಕೊಳ್ಳಿ. ಅಮೆರಿಕದ ಹಾಗೆ 30 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 10 ಟನ್, ಯುರೋಪಿನ ಹಾಗೆ 20 ವರ್ಷಕ್ಕೆ ಹಂಚಿದರೆ 15 ಟನ್. ವಿಮಾನಯಾನದ ಅಂತರರಾಷ್ಟ್ರೀಯ ನಿಯಮದಲ್ಲಿ 25 ವರ್ಷ. ಪ್ರಕೃತಿಯಲ್ಲಿ ಇಂಥ ಸಂಖ್ಯೆ ಯಾವುದೂ ಇಲ್ಲ, ಸಭೆಯಲ್ಲಿ ಕೂತು ಒಪ್ಪಿಕೊಂಡದ್ದು.

ಕಾಕಂಬಿಯಿಂದ ಮಾಡಿದ ಎಥೆನಾಲಿಗೆ ಗದ್ದೆಯ ಹೊಗೆ ಯಾಕೆ ಸೇರಿಸಬೇಕು? ಕಾಕಂಬಿ ಸಕ್ಕರೆ ಮಾಡಿದ ಮೇಲೆ ಉಳಿದದ್ದು ತಾನೇ?

ಬಹಳ ಒಳ್ಳೆಯ ಪ್ರಶ್ನೆ. ಉಳಿದದ್ದು ಕಸವೋ ಸರಕೋ ಅನ್ನುವುದರ ಮೇಲೆ ಉತ್ತರ ಇದೆ. ಕಸ ಅಂದರೆ ಅದರ ಹಿಂದಿನ ಹೊಗೆ ಪೂರ್ತಿ ಸಕ್ಕರೆಯ ತಲೆಗೆ ಹೋಗುತ್ತದೆ, ಕಾಕಂಬಿ ಸೊನ್ನೆಯಿಂದ ಶುರುವಾಗುತ್ತದೆ. ಸರಕು ಅಂದರೆ ಪಾಲು ಹಂಚಬೇಕು: ತೂಕದ ಮೇಲೋ, ಶಕ್ತಿಯ ಮೇಲೋ, ಬೆಲೆಯ ಮೇಲೋ. ಯುರೋಪು ಶಕ್ತಿಯ ಮೇಲೆ ಹಂಚುತ್ತದೆ. ನಮ್ಮಲ್ಲಿ ಕಾಕಂಬಿಗೆ ಮಾರುಕಟ್ಟೆ ಇದೆ, ಸಿ ಹೆವಿ (ಆದಷ್ಟೂ ಸಕ್ಕರೆ ತೆಗೆದ ಕಾಕಂಬಿ), ಬಿ ಹೆವಿ, ಕಬ್ಬಿನ ರಸ ಅಂತ ಒಂದೊಂದರ ಎಥೆನಾಲಿಗೂ ಸರ್ಕಾರವೇ ಬೇರೆ ಬೇರೆ ದರ ಕಟ್ಟುತ್ತದೆ. ಅಷ್ಟು ಬೆಲೆ ಇರುವುದನ್ನು ಕಸ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದರಲ್ಲೂ ಬಿ ಹೆವಿ ಅಂದರೆ ಬೇಕೆಂದೇ ಸಕ್ಕರೆಯನ್ನು ಉಳಿಸಿಬಿಟ್ಟ ಕಾಕಂಬಿ.

ಇದು ಬರೀ ಪುಸ್ತಕದ ಮಾತಲ್ಲ. 2023ರ ಡಿಸೆಂಬರಿನಲ್ಲಿ ಸಕ್ಕರೆ ಕಡಿಮೆ ಬೀಳುತ್ತದೆ ಅಂತ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನೇ ತಡೆಯಿತು, ಆಮೇಲೆ ಮಿತಿ ಹಾಕಿ ಬಿಟ್ಟಿತು. ಸಕ್ಕರೆಗೂ ಎಥೆನಾಲಿಗೂ ಒಂದೇ ಕಬ್ಬಿಗಾಗಿ ಪೈಪೋಟಿ ಇದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಹೋಟೆಲಿನಲ್ಲಿ ಬೋಂಡಾ ಕರಿದ ಎಣ್ಣೆಯಿಂದ ಮಾಡುವ ಬಯೋಡೀಸೆಲ್?

ನನ್ನ ಲೆಕ್ಕದಲ್ಲಿ ಬೆಂಗಳೂರಿನಂಥ ಊರಿಗೆ ಇದಕ್ಕಿಂತ ಒಳ್ಳೆಯ ಇಂಧನ ಕಡಿಮೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ರೂಕೋ ಯೋಜನೆ ಶುರು ಮಾಡಿತು. ಕಾದೂ ಕಾದೂ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಅಂಶ ಶೇ 25 ದಾಟಿದರೆ ಅದರಲ್ಲಿ ಕರಿಯುವ ಹಾಗಿಲ್ಲ. ಅದು ಮತ್ತೆ ಬೀದಿಬದಿಯ ಬಾಣಲೆಗೆ ಹೋಗುವುದಕ್ಕಿಂತ ಎಂಜಿನ್ನಿಗೆ ಹೋಗುವುದು ಎಲ್ಲ ರೀತಿಯಲ್ಲೂ ಮೇಲು. ಯುರೋಪಿನ ನಿಯಮದಲ್ಲಿ ಇಂಥ ಎಣ್ಣೆಗೆ ಸಂಗ್ರಹಿಸುವ ಜಾಗದವರೆಗಿನ ಹೊಗೆ ಸೊನ್ನೆ.

ಎಚ್ಚರ ಬೇಕಾದದ್ದು ಒಂದೇ ಕಡೆ. ಬಳಸಿದ ಎಣ್ಣೆಗೆ ಹೊಸ ಎಣ್ಣೆಗಿಂತ ಜಾಸ್ತಿ ಬೆಲೆ ಬಂದುಬಿಟ್ಟರೆ ಹೊಸ ತಾಳೆ ಎಣ್ಣೆಯನ್ನೇ ಹಳೆಯದು ಅಂತ ಮಾರುವ ಆಸೆ ಹುಟ್ಟುತ್ತದೆ. ಯುರೋಪಿನಲ್ಲಿ ಈ ಅನುಮಾನ ಈಗಲೂ ಇದೆ. ಹಾಗಾಗಿ ಯಾವ ಹೋಟೆಲಿನಿಂದ ಎಷ್ಟು ಲೀಟರ್ ಬಂತು ಅನ್ನುವ ಚೀಟಿ ಈ ಲೆಕ್ಕದ ಜೀವ.

ಹೊಂಗೆ ಬೀಜದ ಎಣ್ಣೆಯಿಂದ ಮಾಡುವ ಬಯೋಡೀಸೆಲ್?

ಬದುವಿನಲ್ಲಿ, ರಸ್ತೆ ಪಕ್ಕದಲ್ಲಿ ಇರುವ ಮರದ ಬೀಜ ಆಯ್ದರೆ ಹೊಸ ಜಮೀನು ಬೇಕಿಲ್ಲ, ಯೂರಿಯಾ ಬೇಕಿಲ್ಲ, ಹಿಂಡಿ ಗೊಬ್ಬರಕ್ಕೆ ಆಗುತ್ತದೆ. ಅಂಕ ಬಹಳ ಚೆನ್ನಾಗಿ ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಮಾಡಿದ್ದು ಈ ನಂಬಿಕೆಯಿಂದಲೇ. ತೊಡಕು ಇರುವುದು ಬೀಜ ಆಯುವ ಕೂಲಿಯಲ್ಲಿ.

ಕೆಲವು ಇಂಧನಕ್ಕೆ ಸೊನ್ನೆಗಿಂತ ಕಡಿಮೆ ಅಂಕ ಕೊಡುತ್ತಾರಂತೆ, ಅದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಹೈನು ಫಾರಂಗಳ ಸಗಣಿ ಹೊಂಡದ ಅನಿಲಕ್ಕೆ ಹಾಗೆ ಕೊಡುತ್ತಾರೆ. ಹೊಂಡ ಹಾಗೇ ಬಿಟ್ಟಿದ್ದರೆ ಮೀಥೇನ್ ಗಾಳಿಗೆ ಹೋಗುತ್ತಿತ್ತು, ಅದನ್ನು ತಡೆದದ್ದಕ್ಕೆ ಅಂಕ. ಲೆಕ್ಕ ಸರಿ, ಆದರೆ ತೆರೆದ ಹೊಂಡದಲ್ಲಿ ಸಗಣಿ ಕೊಳೆಸುವುದೇ ಮಾಮೂಲು ಅಂತ ಒಪ್ಪಿಕೊಂಡರೆ ಮಾತ್ರ. ನಮ್ಮೂರುಗಳಲ್ಲಿ ಸಗಣಿ ತಿಪ್ಪೆಗೆ ಹೋಗುತ್ತದೆ, ಗೋಬರ್ ಗ್ಯಾಸಿಗೆ ಹೋಗುತ್ತದೆ. ಇಲ್ಲಿ ಅದೇ ಅಂಕ ಕೊಡುವುದು ಸರಿಯಲ್ಲ.

ಭಾರತದಲ್ಲಿ ಎಥೆನಾಲಿಗೆ ಇಂಥ ಹೊಗೆಯ ಮಿತಿ ಇದೆಯಾ?

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ, 2022ರ ತಿದ್ದುಪಡಿಯಲ್ಲಿ ಎಷ್ಟು ಬೆರೆಸಬೇಕು ಅನ್ನುವ ಗುರಿ ಇದೆ. ಪ್ರತಿ ಲೀಟರ್ ಎಷ್ಟು ಹೊಗೆ ಉಳಿಸಲೇಬೇಕು ಅನ್ನುವ ಮಿತಿ ಇಲ್ಲ. ಹೋಲಿಸಿ ನೋಡಿ: ಅಮೆರಿಕದಲ್ಲಿ ಇಂಧನದ ವರ್ಗ ನೋಡಿ ಶೇ 20, 50, 60 ಅಂತ ಮಿತಿ, ಯುರೋಪಿನಲ್ಲಿ 2021ರಿಂದ ಶುರುವಾದ ಘಟಕಗಳ ಸಾರಿಗೆ ಇಂಧನಕ್ಕೆ ಶೇ 65.

ನಮ್ಮ ಸರ್ಕಾರಕ್ಕೆ ಇಂಥದ್ದು ಮಾಡಲು ಬರುವುದಿಲ್ಲ ಅಂತ ಅಲ್ಲ. ಹಸಿರು ಹೈಡ್ರೋಜನ್‌ಗೆ 2023ರ ಆಗಸ್ಟಿನಲ್ಲೇ ಮಾಡಿದ್ದಾರೆ: ಒಂದು ಕೆಜಿ ಹೈಡ್ರೋಜನ್‌ಗೆ 12 ತಿಂಗಳ ಸರಾಸರಿಯಲ್ಲಿ 2 ಕೆಜಿಗಿಂತ ಹೆಚ್ಚು ಹೊಗೆ ಇರಬಾರದು. ಈ ಮಿತಿ ಎಷ್ಟು ಬಿಗಿ ಅಂತ ನೋಡಿ. ನೀರನ್ನು ಒಡೆದು ಒಂದು ಕೆಜಿ ಹೈಡ್ರೋಜನ್ ಮಾಡಲು 50 ಯೂನಿಟ್‌ಗೂ ಜಾಸ್ತಿ ಕರೆಂಟು ಬೇಕು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಹೊಗೆ. ಸುಮ್ನೆ ಗ್ರಿಡ್ಡಿನ ಕರೆಂಟಿನಲ್ಲಿ ಮಾಡಿದರೆ 35 ಕೆಜಿ ಆಗಿಹೋಗುತ್ತದೆ. ಅಂದರೆ ಸೌರ, ಗಾಳಿಯಂಥ ನವೀಕರಿಸಬಹುದಾದ ಮೂಲ ಬಿಟ್ಟು ಬೇರೆ ದಾರಿಯೇ ಇಲ್ಲದ ಹಾಗೆ ಬರೆದಿದ್ದಾರೆ. ಒಂದೇ ಸಾಲು, ಒಂದೇ ಸಂಖ್ಯೆ, ಯಾವ ಯಾವ ಹಂತ ಸೇರಬೇಕು ಅನ್ನುವ ಪಟ್ಟಿ. ಎಥೆನಾಲಿಗೂ ಇಂಥದ್ದೊಂದು ಬೇಕು ಅಂತ ನಾನು ಕೇಳುತ್ತಲೇ ಇರುತ್ತೇನೆ.

ವಿಮಾನದ ಇಂಧನಕ್ಕೂ ಇದಕ್ಕೂ ಏನು ಸಂಬಂಧ?

ಅಂತರರಾಷ್ಟ್ರೀಯ ವಿಮಾನಗಳಲ್ಲಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5 ಸುಸ್ಥಿರ ಇಂಧನ ಬೆರೆಸುವ ಗುರಿ ನಮ್ಮಲ್ಲಿದೆ. ಎಥೆನಾಲಿನಿಂದಲೂ ಅದನ್ನು ಮಾಡಬಹುದು. ದೇವನಹಳ್ಳಿಯಿಂದ ಹಾರುವ ವಿಮಾನಕ್ಕೆ ಅದನ್ನು ತುಂಬಿಸಿ ಅಂತರರಾಷ್ಟ್ರೀಯ ನಿಯಮದಲ್ಲಿ ಲೆಕ್ಕಕ್ಕೆ ಹಿಡಿಸಬೇಕಾದರೆ 89 ಗ್ರಾಂ ಮೂಲ ಸಂಖ್ಯೆಗಿಂತ ಕನಿಷ್ಠ ಶೇ 10 ಕಡಿಮೆ ಇರಬೇಕು, ಮತ್ತು ಅಲ್ಲಿ ಜಮೀನಿನ ಪರೋಕ್ಷ ಲೆಕ್ಕವೂ ಸೇರುತ್ತದೆ. ಒಳಗೆ ಕೇಳದೇ ಇದ್ದ ಪ್ರಶ್ನೆಯನ್ನು ಹೊರಗಿನವರು ಕೇಳುತ್ತಾರೆ.

ಈ ಲೆಕ್ಕಕ್ಕೆ ಮಾಹಿತಿ ಎಲ್ಲಿಂದ ತರುತ್ತೀರಿ?

ಇದೇ ನನಗೆ ನಿದ್ದೆಗೆಡಿಸುವ ವಿಷಯ. ಒಮ್ಮೆ ಒಂದು ಎಥೆನಾಲ್ ಘಟಕದ ಲೆಕ್ಕ ಮಾಡುವಾಗ ಹೊಲದ ಪಂಪ್‌ಸೆಟ್ಟಿನ ಕರೆಂಟು ಎಷ್ಟು ಅಂತ ಕೇಳಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬಹಳ ಕಡೆ ಮೀಟರೇ ಇಲ್ಲ. ಬಿಲ್ಲೇ ಇಲ್ಲದ ಮೇಲೆ ಯೂನಿಟ್ ಎಲ್ಲಿಂದ ಬರಬೇಕು? ಕೊನೆಗೆ ಆ ಸಂಸ್ಥೆಯವರು "ಅದನ್ನು ಬಿಟ್ಟುಬಿಡಿ, ಯಾರು ಕೇಳುತ್ತಾರೆ" ಅಂದರು. ನಾನು ಬಿಡಲಿಲ್ಲ. ಊರಿಗೆ ಹೋಗಿ ಮೋಟಾರು ಎಷ್ಟು ಎಚ್‌ಪಿ, ದಿನಕ್ಕೆ ಎಷ್ಟು ಗಂಟೆ ತ್ರೀ ಫೇಸ್ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಂತ ರೈತರನ್ನೇ ಕೂರಿಸಿಕೊಂಡು ಕೇಳಿ ಅಂದಾಜು ಕಟ್ಟಿದೆ. ನಾಲೆ ನೀರಿನ ಗದ್ದೆಗೂ ಕೊಳವೆಬಾವಿಯ ಹೊಲಕ್ಕೂ ಅಜಗಜಾಂತರ ಇತ್ತು. ಇಡೀ ರಾಜ್ಯಕ್ಕೆ ಒಂದೇ ಸರಾಸರಿ ಹಾಕಿದರೆ ಈ ವ್ಯತ್ಯಾಸ ಮಾಯವಾಗುತ್ತದೆ.

ಇದರಿಂದ ಕಬ್ಬು ಬೆಳೆಯುವವರಿಗೆ ಏನು ಸಿಗುತ್ತದೆ?

ಸದ್ಯಕ್ಕೆ ಏನೂ ಇಲ್ಲ. ಬ್ರೆಜಿಲ್‌ನಲ್ಲಿ 2017ರ ರೆನೊವಾಬಯೊ ಕಾನೂನಿನಲ್ಲಿ ಪ್ರತಿ ಕಾರ್ಖಾನೆಯ ಹೊಗೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಉಳಿಸಿದ ಪ್ರತಿ ಟನ್‌ಗೆ ಒಂದು ಪತ್ರ ಸಿಗುತ್ತದೆ, ಅದನ್ನು ಮಾರಬಹುದು. ಮೊದಲು ಆ ದುಡ್ಡು ಕಾರ್ಖಾನೆಯ ಕೈಯಲ್ಲೇ ಉಳಿಯುತ್ತಿತ್ತು, ಬೆಳೆಗಾರರು ಹೋರಾಡಿದರು, 2024ರ ಕೊನೆಯಲ್ಲಿ ಅವರಿಗೂ ಪಾಲು ಕೊಡಬೇಕು ಅಂತ ಕಾನೂನು ತಿದ್ದಿದರು.

ನಮ್ಮಲ್ಲಿ ತರಗಿಗೆ ಬೆಂಕಿ ಇಡದೆ ಸಾಲಿನಲ್ಲೇ ಮುಚ್ಚಿಗೆ ಹಾಕುವವರಿದ್ದಾರೆ. ಕಟಾವಾದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಮಣ್ಣು ಪರೀಕ್ಷೆ ಮಾಡಿಸಿ ಎರಡು ಮೂಟೆ ಯೂರಿಯಾ ಕಡಿಮೆ ಹಾಕುವವರಿದ್ದಾರೆ. ಮೇಲಿನ ಲೆಕ್ಕದಲ್ಲಿ ಆ ಎರಡು ಮೂಟೆ ಅಂದರೆ 178 ಕೆಜಿ. ಅವರ ಕಬ್ಬೂ, ಬೆಂಕಿ ಇಟ್ಟವರ ಕಬ್ಬೂ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಒಂದೇ ದರಕ್ಕೆ ಹೋಗುತ್ತವೆ. ಚಿಕ್ಕಪ್ಪ ಹೋದ ವರ್ಷದಿಂದ ಯಾವ ತಿಂಗಳು ಎಷ್ಟು ಮೂಟೆ ಹಾಕಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ, ಯಾರಾದರೂ ಕೇಳಿದರೆ ತೋರಿಸಲು.